ಸತ್ಯಾಂಶ: ದಡಾರದ ಲಸಿಕೆ ಹಾಕಿಸದಿದ್ದರೆ ಜೈಲಾ?

'ಮಗುವಿಗೆ ಲಸಿಕೆ ಹಾಕಿಸದಿದ್ದರೆ ಕೇಸು, ಜೈಲು. ಹಾಕಿಸಿದರೆ ಆಟಿಸಂ.' ಕೊಡಗಿನ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಸಂದೇಶ ಓದಿ ಹೆದರಿದ್ದೀರಾ? ಎರಡೂ ಸುಳ್ಳು.

ಮಕ್ಕಳ ಲಸಿಕೆಯನ್ನು ಕಡ್ಡಾಯ ಮಾಡುವ ಕೇಂದ್ರ ಕಾನೂನು ನಮ್ಮಲ್ಲಿಲ್ಲ. ಸಿಡುಬಿಗಾಗಿ ಬ್ರಿಟಿಷರು 1880ರಲ್ಲಿ ಒಂದು ಕಾನೂನು ತಂದಿದ್ದರು, ಈಗ ಅದೂ ಇಲ್ಲ. ಸರ್ಕಾರ ಲಸಿಕೆ ಉಚಿತವಾಗಿ ಕೊಡುತ್ತದೆ, ಆಶಾ ಕಾರ್ಯಕರ್ತೆ ಮನೆಗೆ ಬಂದು ನೆನಪಿಸುತ್ತಾರೆ. ಒಪ್ಪಿಗೆ ತಂದೆತಾಯಿಯದು.

ಆಟಿಸಂ ಅಂದರೆ ಮಗು ಮಾತಾಡುವ, ಇತರರೊಡನೆ ಬೆರೆಯುವ ರೀತಿ ಬೇರೆಯಾಗಿರುವ ಒಂದು ಬೆಳವಣಿಗೆಯ ಸ್ಥಿತಿ. ಲಸಿಕೆಯಿಂದ ಅದು ಬರುತ್ತದೆ ಎಂಬ ಮಾತು ಹುಟ್ಟಿದ್ದು 1998ರ ಒಂದು ಬ್ರಿಟಿಷ್ ಲೇಖನದಿಂದ. ಆ ಲೇಖನವನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ವಾಪಸ್ ಪಡೆಯಿತು. ಡೆನ್ಮಾರ್ಕ್‌ನಲ್ಲಿ ಆರೂವರೆ ಲಕ್ಷಕ್ಕೂ ಜಾಸ್ತಿ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. ನಂಟು ಕಾಣಲೇ ಇಲ್ಲ.

ಹಾಗಾದರೆ 'ನಮ್ಮ ಮಗು, ನಮ್ಮ ಇಷ್ಟ' ಅಲ್ವಾ? ಇಲ್ಲೇ ನನಗೆ ಸಂಕಟ. ದಡಾರ ಬಂದ ಒಂದು ಮಗುವಿನಿಂದ, ಲಸಿಕೆ ಇಲ್ಲದ ಕಡೆ, 12ರಿಂದ 18 ಜನಕ್ಕೆ ಹರಡಬಹುದು. ಮಗು ಎದ್ದು ಹೋದ ಮೇಲೂ ವೈರಸ್ ಎರಡು ಗಂಟೆಯವರೆಗೆ ಕೋಣೆಯ ಗಾಳಿಯಲ್ಲಿ ಇರಬಲ್ಲದು. ಕಾಫಿ ತೋಟದ ಲೈನ್ ಮನೆಗಳನ್ನು ನೆನೆಯಿರಿ: ಗೋಡೆಗೆ ಗೋಡೆ, ಮಳೆಗಾಲದಲ್ಲಿ ಬಾಗಿಲು ಮುಚ್ಚಿ ಎಲ್ಲರೂ ಒಳಗೇ. ಪಕ್ಕದ ಮನೆಯಲ್ಲಿ ಆರು ತಿಂಗಳ ಕೂಸು ಇರಬಹುದು. ಅದಕ್ಕೆ ಲಸಿಕೆ ಸಿಗುವುದೇ ಒಂಬತ್ತು ತಿಂಗಳು ತುಂಬಿದ ಮೇಲೆ. ಅಲ್ಲಿಯವರೆಗೆ ಸುತ್ತಲಿನ ನೂರರಲ್ಲಿ 95 ಜನಕ್ಕೆ ರಕ್ಷಣೆ ಇದ್ದರೆ ಮಾತ್ರ ಅದೂ ಸುರಕ್ಷಿತ.

ಚುಚ್ಚಿದ ಮೇಲೆ ಒಂದೆರಡು ದಿನ ಜ್ವರ, ನೋವು ಬರಬಹುದು. ಎರಡನೇ ಡೋಸ್ 16ರಿಂದ 24 ತಿಂಗಳೊಳಗೆ. ತಪ್ಪಿ ಹೋಗಿದ್ದರೂ ಐದು ವರ್ಷದವರೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಹಾಕುತ್ತಾರೆ. ತಾಯಿ ಕಾರ್ಡ್ ತೆಗೆದು ಇವತ್ತೇ ನೋಡಿ.