ಸುಣ್ಣದ ಬೆಟ್ಟಕ್ಕೆ ಸುಣ್ಣ

ನಮ್ಮೂರಿನಿಂದ ಯಾಣಕ್ಕೆ ಹೋಗುವ ಒಂದು ಒಳದಾರಿ ಇದೆ. ಅದರ ಎರಡೂ ಬದಿಗೆ ಹೋದ ಬೇಸಿಗೆಯಲ್ಲಿ ಸಾಲಾಗಿ ಕಲ್ಲು ನೆಟ್ಟು ಸುಣ್ಣ ಬಳಿದರು. ಯಾರೋ ದೊಡ್ಡವರು ಬರುವವರಿದ್ದರು. ಅವರು ಬರಲಿಲ್ಲ, ಸುಣ್ಣ ಬಂತು.

ಯಾಣದ ಬಂಡೆಗಳೇ ಸುಣ್ಣದ ಕಲ್ಲು. ನೋಡಲು ಕಪ್ಪು, ಅಷ್ಟೆ. ಅಂಥ ಬೆಟ್ಟಕ್ಕೆ ಹೋಗುವ ದಾರಿಗೆ ಪೇಟೆಯಿಂದ ಚೀಲಗಟ್ಟಲೆ ಸುಣ್ಣ ಹೊರಿಸಿ ತಂದರು. ಕಾಗದಪತ್ರದಲ್ಲಿ ಇದರ ಹೆಸರು ‘ಸೌಂದರ್ಯೀಕರಣ’. ಮೊದಲ ಮಳೆಗೇ ಸೌಂದರ್ಯವೆಲ್ಲ ತೊಳೆದುಕೊಂಡು ಕೆಳಗಿನ ಗದ್ದೆಗೆ ಇಳಿಯಿತು. ನಮ್ಮ ಕಡೆಯದು ಹುಳಿ ಮಣ್ಣು, ಸುಣ್ಣ ಹಾಕಿ ಎಂದು ಕೃಷಿಯವರು ಹೇಳುತ್ತಲೇ ಇರುತ್ತಾರೆ. ಹಾಗಾಗಿ ಯೋಜನೆ ಪೂರ್ತಿ ವ್ಯರ್ಥವಾಯಿತು ಅನ್ನುವ ಹಾಗೂ ಇಲ್ಲ.

ಕಾಮಗಾರಿಯ ಗುಣಮಟ್ಟ ಪರೀಕ್ಷೆ ಮಾಡಿದ್ದು ಪಕ್ಕದ ಮನೆಯ ಅಜ್ಜಿ. ಸೊಪ್ಪಿನ ಹೊರೆ ಹೊತ್ತು ಬರುವಾಗ ಒಂದು ಕಲ್ಲಿನ ಹತ್ತಿರ ನಿಂತರು. ಉಗುರಿನಿಂದ ಕೆರೆದರು. ಬೆರಳಲ್ಲಿ ತಿಕ್ಕಿ ನೋಡಿದರು. ಅರವತ್ತು ವರ್ಷ ಎಲೆ ಅಡಿಕೆಯ ಕವಳ ಹಾಕಿದ ಕೈ ಅದು, ಸುಣ್ಣದ ವಿಷಯದಲ್ಲಿ ತಪ್ಪುವುದಿಲ್ಲ. “ನೀರೇ ಜಾಸ್ತಿ” ಅಂದರು. ಅಷ್ಟೇ ತಪಾಸಣಾ ವರದಿ.

ಯಾಣ ನೋಡದವರಿಗೆ ಎರಡು ಮಾತು. ಉತ್ತರ ಕನ್ನಡದ ಕುಮಟಾ ತಾಲೂಕಿನ ಕಾಡಿನಲ್ಲಿದೆ. ಭೈರವೇಶ್ವರ ಶಿಖರ 120 ಮೀಟರ್, ಪಕ್ಕದ ಮೋಹಿನಿ ಶಿಖರ 90 ಮೀಟರ್. ಮರಗಳ ಮೇಲೆ ತಲೆ ಎತ್ತಿ ನಿಂತ ಕರಿ ಬಂಡೆಗಳು. ದೊಡ್ಡ ಬಂಡೆಯ ಹೊಟ್ಟೆಯೊಳಗೆ ಗುಹೆ, ಗುಹೆಯೊಳಗೆ ಶಿವಲಿಂಗ, ಲಿಂಗದ ಮೇಲೆ ಹನಿಯುವ ನೀರು. ಶಿವರಾತ್ರಿಗೆ ಜಾತ್ರೆ. ಹಿಂದೆ ಇಲ್ಲಿಗೆ ಬರಲು ಕಾಡಿನಲ್ಲಿ ಮೈಲಿಗಟ್ಟಲೆ ನಡೆಯಬೇಕಿತ್ತು. ಅದಕ್ಕೇ ‘ಸೊಕ್ಕಿದ್ದರೆ ಯಾಣ, ರೊಕ್ಕಿದ್ದರೆ ಗೋಕರ್ಣ’ ಎಂಬ ಮಾತು ಹುಟ್ಟಿದ್ದು. ಸೊಕ್ಕು ಅಂದರೆ ಇಲ್ಲಿ ಕಾಲಿನ ಕಸುವು.

ಆಮೇಲೆ ರಸ್ತೆ ಬಂತು. ಈಗ ಗಾಡಿ ನಿಲ್ಲಿಸಿ ಸ್ವಲ್ಪ ನಡೆದು ಮೆಟ್ಟಿಲು ಹತ್ತಿದರೆ ಬಂಡೆಯ ಬುಡ. ಮುದುಕರು, ಮಕ್ಕಳು ಎಲ್ಲರೂ ನೋಡುವಂತಾಯಿತು, ಒಳ್ಳೆಯದೇ. ಸೊಕ್ಕು ಮಾತ್ರ ಕಾಲಿನಿಂದ ಹಾರ್ನಿಗೆ ವರ್ಗವಾಯಿತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ರಸ್ತೆ ಬಂದು ನಡಿಗೆ ತಪ್ಪಿತಲ್ಲ, ಈಗ ನಡೆಯಲಿಕ್ಕೆಂದೇ ದುಡ್ಡು ಕೊಟ್ಟು ಬರುವವರು ಶುರುವಾದರು. ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಬಸ್ಸು ಹತ್ತುತ್ತಾರೆ. ಶನಿವಾರ ಬೆಳಿಗ್ಗೆ ನಮ್ಮ ಒಳದಾರಿಯ ತುದಿಯಲ್ಲಿ ಇಳಿಯುತ್ತಾರೆ. ಎರಡೂ ಕೈಯಲ್ಲಿ ಕೋಲು, ಬೆನ್ನಿಗೆ ನೀರಿನ ಚೀಲ, ಚೀಲದಿಂದ ಬಾಯಿಗೆ ಒಂದು ನಳಿಗೆ. ರಕ್ತ ಹೀರುವ ಉಂಬಳಕ್ಕೆ ಹೆದರಿ ಮೊಣಕಾಲವರೆಗೆ ಕಾಲುಚೀಲ. ಉಂಬಳ ಹತ್ತುವುದು ಕುತ್ತಿಗೆಗೆ, ಅದು ಬೇರೆ ಮಾತು. ಪ್ಯಾಕೇಜಿನಲ್ಲಿ ಈ ದಾರಿಯನ್ನು ‘ಮಾಡರೇಟ್ ಟು ಡಿಫಿಕಲ್ಟ್’ ಎಂದು ಬರೆದಿದ್ದಾರಂತೆ. ಅಜ್ಜಿಗೆ ಹೇಳಿದೆ. ಮುಂದಿನ ಹತ್ತು ದಿನ ತಮಗೆ ಮಂಡಿ ನೋವು ಎಂದರು. ಅಲ್ಲಿಯವರೆಗೆ ಅವರಿಗೆ ಅದು ಕಷ್ಟದ ದಾರಿ ಅಂತ ಗೊತ್ತೇ ಇರಲಿಲ್ಲ.

ಒಂದು ತಂಡದ ಹುಡುಗ ಅಜ್ಜಿಯನ್ನೇ ನಿಲ್ಲಿಸಿ ಕೇಳಿದ. “ಆಂಟಿ, ಇನ್ನೂ ಎಷ್ಟು ದೂರ?”

“ಇಲ್ಲೇ ತಮಾ. ಒಂದು ಕವಳ.”

ಹುಡುಗ ಮೊಬೈಲ್ ತೆಗೆದು ಕವಳ ಅಂತ ಹುಡುಕಿದ. ದಾಂಡೇಲಿ ಹತ್ತಿರದ ಕವಳಾ ಗುಹೆ ತೋರಿಸಿತಂತೆ. ತಂಡಕ್ಕೆ ತಂಡವೇ ಕಂಗಾಲು. ಅಜ್ಜಿ ಹೇಳಿದ್ದು ಬಾಯಿಗೆ ಹಾಕಿದ ಎಲೆ ಅಡಿಕೆಯ ರಸ ಮುಗಿಯುವಷ್ಟು ದೂರ. ನಮ್ಮ ಕಡೆ ದಾರಿ ಅಳೆಯುತ್ತಿದ್ದುದೇ ಹಾಗೆ. ಆ ಒಳದಾರಿ ಮಾಡಿದ್ದೂ ಇಲಾಖೆಯಲ್ಲ, ಪ್ಯಾಕೇಜಿನವರೂ ಅಲ್ಲ. ತೋಟಕ್ಕೆ ಸೊಪ್ಪು, ದನಕ್ಕೆ ಹುಲ್ಲು, ಕೊಟ್ಟಿಗೆಗೆ ಒಣ ಎಲೆಯ ದರಕು ಹೊತ್ತ ಹೆಂಗಸರ ಕಾಲು. ಈಗ ಯಾವುದೋ ಆ್ಯಪಿನಲ್ಲಿ ಅದು ಕೆಂಪು ಗೆರೆಯಾಗಿದೆ. ಅದಕ್ಕೊಂದು ಇಂಗ್ಲಿಷ್ ಹೆಸರೂ ಇದೆ. ‘ಕಂಡುಹಿಡಿದವರು’ ಎಂಬ ಜಾಗದಲ್ಲಿ ಒಬ್ಬರ ಫೋಟೋ ಇದೆ. ಕಪ್ಪು ಕನ್ನಡಕ ಹಾಕಿಕೊಂಡಿದ್ದಾರೆ.

ಆ ಬಂಡೆಗಳು ಹೀಗೆ ಚೂಪು ಚೂಪಾಗಿ ನಿಂತಿರುವುದಕ್ಕೆ ಮಳೆಯೇ ಕಾರಣ. ಮಳೆನೀರು ಗಾಳಿಯಲ್ಲಿ, ಮಣ್ಣಿನಲ್ಲಿ ಇರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿ ಸುಣ್ಣದ ಕಲ್ಲನ್ನು ನಿಧಾನಕ್ಕೆ ಕರಗಿಸುತ್ತದೆ. ಲಕ್ಷಾಂತರ ವರ್ಷದ ಕೆಲಸ. ಸೋಡಾ ಬಾಟಲಿಯಲ್ಲಿ ಗುಳ್ಳೆ ಏಳಿಸುವುದೂ ಅದೇ ಹುಳಿ. ಮಳೆಯ ಕೆಲಸ ಬಹಳ ನಿಧಾನವಾಯಿತು ಎಂದು ಅನಿಸಿತೋ ಏನೋ, ಬರುವವರೆಲ್ಲ ಒಂದೊಂದು ಬಾಟಲಿ ತಂಪು ಪಾನೀಯ ತಂದು ಅರ್ಧ ಕುಡಿದು ಉಳಿದದ್ದನ್ನು ಕಲ್ಲಿನ ಸಂದಿಯಲ್ಲಿ ಬಿಟ್ಟು ಹೋಗುತ್ತಾರೆ. ಬಂಡೆ ಕರಗುತ್ತದೆ, ಬಾಟಲಿ ಕರಗುವುದಿಲ್ಲ. ಇನ್ನೂ ಲಕ್ಷ ವರ್ಷ ಬಿಟ್ಟು ಬಂದವರಿಗೆ ಇಲ್ಲಿ ಪ್ಲಾಸ್ಟಿಕ್ಕಿನ ಶಿಖರಗಳೇ ಸಿಗಬಹುದು. ಮೆಟ್ಟಿಲು ರೆಡಿ ಇದೆ.

ಸ್ಥಳಪುರಾಣ ಇನ್ನೂ ಮಜವಾಗಿದೆ. ಭಸ್ಮಾಸುರ ಉರಿದು ಬೂದಿಯಾಗಿದ್ದು ಇಲ್ಲೇ ಅಂತೆ. ಇಲ್ಲಿಯ ಮಣ್ಣು ಕಪ್ಪಗಿರುವುದು ಅದಕ್ಕೇ ಅಂತೆ. ಮೋಹಿನಿ ಕುಣಿದಳು, ಅವನೂ ಕುಣಿದ. ಅವಳು ತಲೆಯ ಮೇಲೆ ಕೈ ಇಟ್ಟಳು, ಅವನೂ ಇಟ್ಟ. ಈಗ ಮೋಹಿನಿ ಶಿಖರದ ಎದುರು ದಿನವಿಡೀ ನಡೆಯುವುದು ಅದೇ ಕಾರ್ಯಕ್ರಮ. ಮುಂದಿನವರು ಮಾಡಿದ ಸ್ಟೆಪ್ಪನ್ನೇ ಹಿಂದಿನವರು ಮಾಡಬೇಕು, ಮೊಬೈಲಿನಲ್ಲಿ ಹಾಡು ಹಾಕಬೇಕು, ಕೊನೆಗೆ ಕೈ ತಲೆಯ ಮೇಲೆ. ಒಬ್ಬರಾದರೂ ಬೂದಿಯಾಗಿಲ್ಲ. ಕಲಿಯುಗದಲ್ಲಿ ವರಗಳಿಗೂ ಗ್ಯಾರಂಟಿ ಇಲ್ಲ ನೋಡಿ.

ಗದ್ದಲ ಮಾಡಬೇಡಿ ಎಂಬ ನಿಯಮವನ್ನು ಅಲ್ಲಿ ನಿಜವಾಗಿ ಜಾರಿ ಮಾಡಬಲ್ಲ ಇಲಾಖೆ ಒಂದೇ, ಹೆಜ್ಜೇನು. ಬಂಡೆಯ ಎತ್ತರದಲ್ಲಿ ತೊಟ್ಟಿಲಿನಷ್ಟು ದೊಡ್ಡ ಹುಟ್ಟುಗಳು. ನೋಟಿಸ್ ಕೊಡುವುದಿಲ್ಲ, ಶಿಫಾರಸು ಕೇಳುವುದಿಲ್ಲ.

ಮನುಷ್ಯರ ಇಲಾಖೆಗಳ ಕಷ್ಟವೂ ಸಣ್ಣದಲ್ಲ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತಕ್ಕೆ ಜನ ಮುಗಿಬಿದ್ದರು. ಬೆಟ್ಟದ ಮೇಲೆ ರೇಷನ್ ಅಂಗಡಿಯ ಸರದಿ ಇದ್ದಂತೆ ಫೋಟೋ ಬಂತು. ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣದ ಹಾದಿಗಳಿಗೆ ಸರ್ಕಾರ ತಡೆ ಹಾಕಿತು, ಆಮೇಲೆ ದಿನಕ್ಕೆ 300 ಜನ ಎಂದು ಲೆಕ್ಕ ಕಟ್ಟಿತು. ತಪ್ಪು ಅನ್ನಲಾರೆ. ಅದರ ಹಿಂದಿನ ವರ್ಷ ದೂಧ್‌ಸಾಗರ ಜಲಪಾತದ ಹತ್ತಿರ ರೈಲು ಹಳಿಯ ಮೇಲೆ ನಡೆದವರಿಗೆ ಪೊಲೀಸರು ಬಸ್ಕಿ ಹೊಡೆಸಿದ್ದರು. ಅದೂ ಒಂದು ದಾರಿ. ಮನೆಗೆ ಹೋಗಿ ‘ಚಾರಣದಿಂದ ತೊಡೆ ನೋವು’ ಅಂದರೆ ಸುಳ್ಳಾಗುವುದಿಲ್ಲ.

ಆದರೆ ನಿಯಮ ಪೇಟೆಯಿಂದ ಹೊರಟು ನಮ್ಮ ಹಳ್ಳಿ ಮುಟ್ಟುವ ಹೊತ್ತಿಗೆ ಅದಕ್ಕೂ ಸ್ವಲ್ಪ ಸುಸ್ತಾಗಿರುತ್ತದೆ. ನಮ್ಮ ಒಳದಾರಿಯ ಬಾಯಿಗೆ ಈ ಮಳೆಗಾಲಕ್ಕೆ ಮುಂಚೆ ಒಂದು ದೊಡ್ಡ ಬೋರ್ಡು ಬಂತು. ಎರಡು ಕಬ್ಬಿಣದ ಕಂಬ, ಬುಡಕ್ಕೆ ಕಾಂಕ್ರೀಟು. ಪ್ಲಾಸ್ಟಿಕ್ ನಿಷೇಧ, ಅಡುಗೆ ನಿಷೇಧ, ಸಂಗೀತ ನಿಷೇಧ, ಅನುಮತಿ ಇಲ್ಲದೆ ಪ್ರವೇಶ ನಿಷೇಧ. ಅನುಮತಿಗೆ ಕೆಳಗಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ. ಅಲ್ಲಿ ನೆಟ್‌ವರ್ಕ್ ಬರುವುದಿಲ್ಲ. ನೆಟ್‌ವರ್ಕ್ ಸಿಗುವುದು ಆ ದಾರಿಯಲ್ಲೇ ಒಳಗೆ ನಡೆದು ಮೇಲಿನ ದಿಣ್ಣೆ ಹತ್ತಿದರೆ. ಅಂದರೆ ಅನುಮತಿ ಪಡೆಯಲು ಅನುಮತಿ ಇಲ್ಲದೆ ಒಳಗೆ ಹೋಗಬೇಕು. ಪ್ಯಾಕೇಜಿನವರಿಗೆ ಬೆಂಗಳೂರಿನಲ್ಲೇ ಎಲ್ಲ ಆಗಿರುತ್ತದೆ, ಚೀಟಿ ತೋರಿಸಿ ಹೋಗುತ್ತಾರೆ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ. ಅದೂ ನೀರು ಜಾಸ್ತಿಯಾದ ಸುಣ್ಣ.

ಬೋರ್ಡಿನ ಪಕ್ಕ ಕೂರಲು ಒಬ್ಬ ಹುಡುಗನನ್ನೂ ಹಾಕಿದ್ದಾರೆ. ದಿನಗೂಲಿ, ಊರಿನವನೇ. ಮೊದಲ ದಿನ ಅಜ್ಜಿ ಎಂದಿನಂತೆ ಕತ್ತಿ ಸಿಕ್ಕಿಸಿಕೊಂಡು ಸೊಪ್ಪಿಗೆ ಹೊರಟರು. ಹುಡುಗನಿಗೆ ಧರ್ಮಸಂಕಟ. ಎದ್ದು ನಿಂತು ಮೆಲ್ಲಗೆ ಹೇಳಿದ. “ಅಜ್ಜಿ, ಒಳಗೆ ಹೋಗುವವರು ಹೆಸರು, ಊರು, ಬಂದ ಉದ್ದೇಶ ಬರೆಸಬೇಕಂತೆ.”

“ಬರ್ಕೊ ಮಾರಾಯ. ಹೆಸರು ನಿಂಗೆ ಗೊತ್ತುಂಟು. ಊರೂ ಗೊತ್ತುಂಟು. ಉದ್ದೇಶ ದನಕ್ಕೆ ಕೇಳು.”

ಹುಡುಗ ಪುಸ್ತಕದಲ್ಲಿ ‘ಪ್ರವಾಸಿ 1’ ಎಂದು ಬರೆದ. ಈಗ ಅಜ್ಜಿ ದಿನಾ ಎರಡು ಸಲ ಹೋಗಿ ಬರುತ್ತಾರೆ, ದಿನಾ ಎರಡು ಪ್ರವಾಸಿಗಳು. ಮಳೆಗಾಲದಲ್ಲೂ ಸಂಖ್ಯೆ ಇಳಿದಿಲ್ಲ ಎಂದು ಮೇಲಿನವರಿಗೆ ಬಹಳ ಖುಷಿಯಾಗಿದೆಯಂತೆ.

ಮೊನ್ನೆ ಸಂಜೆ ನಾನು ಹೋದಾಗ ಅಜ್ಜಿ ಹೊರೆಯನ್ನು ಬೋರ್ಡಿನ ಎರಡು ಕಂಬಕ್ಕೆ ಸರಿಯಾಗಿ ಒರಗಿಸಿ, ಕಾಂಕ್ರೀಟಿನ ಮೇಲೆ ಕೂತು ಸಂಚಿ ಬಿಚ್ಚುತ್ತಿದ್ದರು. ಮೊದಲು ಅಲ್ಲೊಂದು ಹಳೇ ಹೊರೆಗಲ್ಲಿತ್ತು. ಬೋರ್ಡು ನೆಡುವಾಗ ಕಿತ್ತು ಹಾಕಿದ್ದರು.

“ಇದೇ ಚಲೋ ಆಯ್ತು ತಮಾ,” ಅಂದರು ಎಲೆಗೆ ಸುಣ್ಣ ಸವರುತ್ತಾ. “ಮೇಲೆ ತಗಡು ಉಂಟು, ಮಳೆ ಬಂದರೆ ತಲೆಗೆ ಬೀಳೂದಿಲ್ಲ.”