ತಾಯಿ ಎಲ್ಲಿ ಸ್ವಾಮಿ?

ನಮ್ಮ ಬೀದಿಗೆ ಇವತ್ತು ಹಸ್ಕಿ ನಾಯಿ ಮರಿ ಬಂದಿದೆ. ಸೈಬೀರಿಯಾದ ಹಿಮದಲ್ಲಿ ಗಾಡಿ ಎಳೆಯೋ ಜಾತಿ, ಮೈಗೆ ಎರಡು ಪದರ ಕೂದಲು. ಬಂದಿರೋದು ಮಂಡ್ಯದ ಏಪ್ರಿಲ್ ಬಿಸಿಲಿಗೆ. ಶೀಟ್ ಚಾವಣಿ ಕೆಳಗೆ ನಾಲಿಗೆ ಚಾಚ್ಕೊಂಡು ಬಿದ್ದಿತ್ತು.

"ಎಷ್ಟ್ ದಿನದ್ದಣ್ಣ?"

"ಒಂದ್ ತಿಂಗ್ಳಿರ್ಬೌದು ಕಣಪ್ಪ."

"ತಾಯೀನ ನೋಡುದ್ರಾ?"

"ಅದ್ಯಾಕ್ ನೋಡ್ಬೇಕು? ವಾಟ್ಸಾಪಲ್ಲಿ ಫೋಟೋ ಬಂತು, ದುಡ್ಡು ಹಾಕ್ದೆ."

ಇದೇ ಪುಣ್ಯಾತ್ಮ ಹಳ್ಳಿಕಾರ್ ಕರು ಕೊಳ್ಳೋವಾಗ ಸುಳಿ ನೋಡಿದ್ದ, ಗೊರಸು ನೋಡಿದ್ದ, ತಾಯಿ ಯಾರ ಮನೇದು, ಹೋರಿ ಯಾವುದು ಅಂತ ಊರೆಲ್ಲಾ ವಿಚಾರಿಸಿದ್ದ. ನಾಯಿಗೆ ಮಾತ್ರ ನೀಲಿ ಕಣ್ಣು ಸಾಕು!

2017ರಲ್ಲೇ ಕೇಂದ್ರ ಸರ್ಕಾರ ನಿಯಮ ಮಾಡಿದೆ. 8 ವಾರ ತುಂಬದ ಮರಿ ಮಾರಂಗಿಲ್ಲ. ಹೆಣ್ಣು ನಾಯಿಗೆ 18 ತಿಂಗಳಾಗೋವರೆಗೂ ಮರಿ ಹಾಕಿಸಂಗಿಲ್ಲ. ವರ್ಷಕ್ಕೆ ಒಂದೇ ಸೂಲು, ಜೀವಮಾನಕ್ಕೆ ಐದೇ. ಬ್ರೀಡರ್, ಅಂದ್ರೆ ಮರಿ ಹಾಕಿಸಿ ಮಾರೋನು, ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ಆ ಹಸ್ಕಿ ಮರಿಯ ತಾಯಿಗೆ ಇದು ಎಷ್ಟನೇ ಸೂಲು? ಬೋನಿನಿಂದ ಆಚೆ ಬಂದಿದ್ದು ಯಾವಾಗ? ಸೂಲು ನಿಂತ ಮೇಲೆ ಅದನ್ನ ಎಲ್ಲಿ ಬಿಡ್ತಾರೆ? ಕೊಳ್ಳೋರು ಕೇಳಲ್ಲ, ಅದಕ್ಕೇ ಮಾರೋರು ಹೇಳಲ್ಲ.

"ಎಲ್ಲಾ ಬ್ರೀಡರ್‌ಗಳೂ ಹಂಗಲ್ಲ" ಅಂತೀರಿ. ಆಯ್ತು, ಒಳ್ಳೆಯವರೇ ಆದ್ರೆ ತಾಯೀನ ತೋರಿಸೋಕೇನು ಕಷ್ಟ? ತಳಿ ಉಳಿಸೋ ಆಸೆ ಇದ್ರೆ ನಮ್ಮ ಮುಧೋಳ ನಾಯಿ ಇದೆಯಲ್ಲ, ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಅದಕ್ಕೇ ಕೇಂದ್ರ ಇದೆ. ಅದನ್ನ ತಗೊಳ್ಳಿ ಅಂದ್ರೆ, "ಅಯ್ಯೋ, ಪಕ್ಕೆ ಮೂಳೆ ಕಾಣುತ್ತೆ" ಅಂತ ಮೂಗು ಮುರೀತಾರೆ. ತಳಿಯ ಕಾಳಜಿ ಅಲ್ಲ ಸ್ವಾಮಿ ಇದು, ಶೋಕಿ.

ನಾನೇನು ಸನ್ಯಾಸಿ ಅಲ್ಲ. ಲ್ಯಾಬ್ರಡಾರ್ ಮರಿ ಕಂಡ್ರೆ ನನ್ನ ಬಾಯಲ್ಲೂ ನೀರೂರುತ್ತೆ. ಆದ್ರೂ ಮೋರಿ ಪಕ್ಕ ಹುಟ್ಟಿ, ಲಾರಿ ಚಕ್ರ ತಪ್ಪಿಸ್ಕೊಂಡು ಬದುಕಿರೋ ಮರಿಗಳು ಬೀದಿಗೊಂದು ಗುಂಪು ಇರೋವಾಗ, ದುಡ್ಡು ಕೊಟ್ಟು ಇನ್ನೊಂದು ತಾಯಿಗೆ ಗಬ್ಬ ಕಟ್ಟಿಸೋಕೆ ನನಗೆ ಮನಸ್ಸು ಬರಲ್ಲ. "ಬೀದಿ ನಾಯಿ ಕಚ್ಚುತ್ವೆ" ಅಂತೆ. ಮರೀಲೇ ತಂದು, ರೇಬಿಸ್ ಲಸಿಕೆ ಹಾಕಿಸಿ, ಸಂತಾನಹರಣ ಮಾಡಿಸಿ, ಮನೆಯೊಳಗೆ ಮಲಗಿಸಿ ನೋಡಿ. ಗೇಟಿಗೆ ಕಟ್ಟಿ ಹಾಕಿದ್ರೆ ಜರ್ಮನ್ ಶೆಫರ್ಡೂ ಕಚ್ಚುತ್ತೆ.

ನಮ್ಮ ಬೀದೀಲಿ ಒಂದು ಕಂದು ನಾಯಿ ಮರಿ ಹಾಕಿದೆ. ಎರಡು ತಿಂಗಳಾಗಿದೆ, ಮೂರು ಹೆಣ್ಣು, ಒಂದು ಗಂಡು. ಲಸಿಕೆ ಖರ್ಚು ನಂದು. ತಾಯಿ ಅಲ್ಲೇ ಇರುತ್ತೆ, ನೋಡಬಹುದು. ಬೇಕಾದೋರು ಇನ್‌ಬಾಕ್ಸ್‌ಗೆ ಬನ್ನಿ. "ಯಾವ ಬ್ರೀಡು?" ಅಂತ ಕೇಳೋರು ಬರ್ಲೇಬೇಡಿ, ಜಗಳ ಆಗುತ್ತೆ.