ನೆರವಲ್ ಅಂದ್ರೆ ಇದು!

ಪ್ಲೇಟು ಹಾಕಿ ಹಾಡು ಕೇಳುವುದು ಈಗ ಮತ್ತೆ ಫ್ಯಾಷನ್ನಂತೆ. ಅದೊಂದು ಧ್ಯಾನವಂತೆ, ಮನಸ್ಸಿಗೆ ನೆಮ್ಮದಿಯಂತೆ. ಇರಬಹುದು. ನಮ್ಮ ಮನೆಯಲ್ಲಿ ಮಾತ್ರ ಅದು ಮರಗೆಲಸ, ವೈರಿಂಗು, ಧೂಳು ಹೊಡೆಯುವ ಕೆಲಸ, ಗಂಡ ಹೆಂಡಿರ ವಾಗ್ವಾದ. ನಡುನಡುವೆ ಸಂದು ಸಿಕ್ಕರೆ ಸಂಗೀತ.

ಅಪ್ಪನ ಸೂಟ್‌ಕೇಸಿನ ಆಕಾರದ ರೆಕಾರ್ಡ್ ಪ್ಲೇಯರ್ ತವರಿನ ಅಟ್ಟದಿಂದ ಮೈಸೂರಿನ ನಮ್ಮ ಮನೆಗೆ ಬಂದದ್ದು, ತಮ್ಮ ಮನೆ ರಿಪೇರಿಗೆ ಕೈ ಹಾಕಿದಾಗ. "ಅಕ್ಕಾ, ನಿಂಗೆ ಬೇಕಾ, ಇಲ್ಲಾ ಗುಜರಿಗೆ ಹಾಕ್ಲಾ?" ಎಂದ ಫೋನಿನಲ್ಲಿ. ಗುಜರಿ ಅಂದರೆ ಸಾಕು, ನಮ್ಮ ಮನೆಯವರ ಕರುಳು ಚುರುಕ್ ಅನ್ನುತ್ತದೆ. ರಿಟೈರ್ಡ್ ಇಂಜಿನಿಯರು. ಸ್ಕ್ರೂ ಇರುವ ಯಾವ ಸಾಮಾನನ್ನೂ ಬಿಚ್ಚದೆ ಬಿಟ್ಟವರಲ್ಲ. ಬಿಚ್ಚಿದ್ದನ್ನೆಲ್ಲ ಮತ್ತೆ ಜೋಡಿಸಿದ್ದಾರೆ ಅಂತ ನಾನೆಲ್ಲೂ ಹೇಳಿಲ್ಲ.

ಬಿಚ್ಚಿದರು. ಮೋಟರಿನಿಂದ ತಟ್ಟೆಯನ್ನು ತಿರುಗಿಸುವ ರಬ್ಬರ್ ಬೆಲ್ಟು ಅಷ್ಟು ವರ್ಷದ ಸೆಕೆಗೆ ಕರಗಿ ಜೋನಿಬೆಲ್ಲದ ಹಾಗೆ ಒಳಗೆಲ್ಲ ಅಂಟಿಕೊಂಡಿತ್ತು. ಅದನ್ನು ಕೆರೆದು ತೆಗೆಯಲು ನನ್ನ ಹೊಸ ದೋಸೆ ಸಟ್ಟುಗವೇ ಬೇಕಾಯಿತು. ಬೇರೆ ಬೆಲ್ಟು ಬರುವ ತನಕ ಕಾಯೋಣ ಅಂದರೆ ಕೇಳುವ ಜಾಯಮಾನವಲ್ಲ ಇವರದು. ತರಕಾರಿ ಬುಟ್ಟಿಯಿಂದ ಕೊತ್ತಂಬರಿ ಕಟ್ಟಿನ ರಬ್ಬರ್ ಬ್ಯಾಂಡು ಬಿಚ್ಚಿ ತಂದು ಸಿಕ್ಕಿಸಿದರು. ತಟ್ಟೆ ತಿರುಗಿತು. ಆದರೆ ರಬ್ಬರ್ ಒಮ್ಮೆ ಹಿಗ್ಗುವುದು, ಒಮ್ಮೆ ಕುಗ್ಗುವುದು. ಹಾಡುವವರು ನೆಟ್ಟಗೆ ನಿಲ್ಲಿಸಿದ ಷಡ್ಜವೂ ಅಲ್ಲಾಡತೊಡಗಿತು.

ಒಳಕೋಣೆಯಿಂದ ಅತ್ತೆಯ ದನಿ ಬಂತು. "ಅದ್ಯಾಕೋ ಎಲ್ಲಾ ಸ್ವರಕ್ಕೂ ಕಂಪಿತ ಹಾಕ್ತಿದಾರೆ?"

ಅತ್ತೆ ಚಿಕ್ಕಂದಿನಲ್ಲಿ ವೀಣೆ ಕಲಿತವರು. ಕಣ್ಣು ಮಂಜಾಗಿದೆ, ಕಿವಿ ಮಾತ್ರ ನಮ್ಮಿಬ್ಬರ ಕಿವಿ ಸೇರಿಸಿದರೂ ಸಾಟಿಯಿಲ್ಲ.

ಆಮೇಲೆ ಮುಳ್ಳಿನ ಪ್ರಶ್ನೆ ಬಂತು. ಅಪ್ಪನ ಕಾಲದ ಮುಳ್ಳು ಸವೆದು ಹೋಗಿತ್ತು. ಇವರು ಬೆಂಗಳೂರಿನ ಎಲೆಕ್ಟ್ರಾನಿಕ್ ಸಾಮಾನಿನ ಪೇಟೆ ಎಸ್.ಪಿ. ರಸ್ತೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಅಳೆದರು. ಒಂದು ಅಂಗಡಿಯ ಹುಡುಗ ಬಹಳ ವಿನಯದಿಂದ ಕೇಳಿದನಂತೆ: "ಯಾವ ಹೊಲಿಗೆ ಮಶೀನು ಸಾರ್, ಉಷಾನಾ, ಮೆರಿಟ್ಟಾ?" ಕೊನೆಗೆ ಒಬ್ಬ ಮುದುಕರು ಡ್ರಾಯರಿನ ತಳದಿಂದ ಎರಡು ಮುಖದ ಮುಳ್ಳೊಂದನ್ನು ತೆಗೆದುಕೊಟ್ಟರು. ಒಂದು ಮುಖ ಎಲ್‌ಪಿಗೆ, ಅಂದರೆ ನಿಮಿಷಕ್ಕೆ 33⅓ ಸುತ್ತು ತಿರುಗುವ ಪ್ಲೇಟಿಗೆ. ತಿರುಗಿಸಿದರೆ ಇನ್ನೊಂದು ಮುಖ ನಿಮಿಷಕ್ಕೆ 78 ಸುತ್ತಿನ ಹಳೇ ಪ್ಲೇಟಿಗೆ, ಅದರ ಗೀರು ಅಗಲ ನೋಡಿ, ಅದಕ್ಕೆ.

1977ರಲ್ಲಿ ನಾಸಾದವರು ಎರಡು ವಾಯೇಜರ್ ನೌಕೆಗಳಲ್ಲೂ ಚಿನ್ನದ ಲೇಪದ ಪ್ಲೇಟು ಇಟ್ಟು ಆಕಾಶಕ್ಕೆ ಕಳಿಸಿದರು. ಅದರಲ್ಲಿ ಕನ್ನಡದ ಶುಭಾಶಯವೂ ಇದೆ, ಹಿಂದೂಸ್ತಾನಿ ಗಾಯಕಿ ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಇದೆ. ಪ್ಲೇಟಿನ ಜೊತೆ ಮುಳ್ಳು, ಕಾರ್ಟ್ರಿಜ್, ಮುಳ್ಳನ್ನು ಎಲ್ಲಿ ಇಡಬೇಕೆಂದು ತೋರಿಸುವ ಚಿತ್ರ, ಎಲ್ಲವನ್ನೂ ಕಟ್ಟಿಕೊಟ್ಟಿದ್ದಾರೆ. ಯಾವ ನಕ್ಷತ್ರದಲ್ಲಿ ಯಾರಿದ್ದಾರೋ, ಅವರಿಗೆ ಇಷ್ಟು ಅನುಕೂಲ. ಮೈಸೂರಿನವರು ಮಾತ್ರ ಬೆಳಗಿನ ರೈಲು ಹಿಡಿದು ಎಸ್.ಪಿ. ರಸ್ತೆಗೆ ಹೋಗಬೇಕು.

ಹೊಸ ಬೆಲ್ಟು, ಹೊಸ ಮುಳ್ಳು ಎರಡೂ ಕೂಡಿದ ಮೇಲೆ ಭೀಮಸೇನ ಜೋಶಿಯವರ ಎಲ್‌ಪಿ ಹಾಕಿದರು. ರಜಕ್ಕೆ ಬಂದಿದ್ದ ಮೊಮ್ಮಗಳು ಆ ಹೊತ್ತಿಗಾಗಲೇ ಸ್ಪೀಡಿನ ಕೀಲಿಯನ್ನು ತಿರುಗಿಸಿ ಕೈ ತೊಳೆದುಕೊಂಡಿದ್ದಳು. ಮುಳ್ಳು ಇಳಿಯಿತು, ಆಲಾಪ ಶುರುವಾಯಿತು.

"ಯಾರೇ ಈ ಹುಡುಗಿ?" ಅತ್ತೆ ಊಟದ ಮನೆಯಿಂದಲೇ ಕೇಳಿದರು. "ಚೆನ್ನಾಗ್ ಹಾಡ್ತಾಳೆ. ಬಸ್ಸು ತಪ್ಪೋಗತ್ತೇನೋ ಅನ್ನೋ ಅವಸರ ಅಷ್ಟೆ."

"ಅಮ್ಮಾ, ಅದು ಭೀಮಸೇನ ಜೋಶಿ. ಸ್ಪೀಡು 45ರಲ್ಲಿದೆ."

"ಅದಕ್ಕೇ! ಶ್ರುತಿ ಮಧ್ಯಮಕ್ಕೆ ಹೋಗಿ ಕೂತಿದೆ."

ಇವರಿಗೆ ಅನುಮಾನ. ಕ್ಯಾಲ್ಕುಲೇಟರ್ ತಂದರು. 45ನ್ನು 33⅓ರಿಂದ ಭಾಗಿಸಿದರೆ 1.35. ಷಡ್ಜದಿಂದ ಶುದ್ಧ ಮಧ್ಯಮಕ್ಕೆ ಇರುವ ಅನುಪಾತ ಮೂರಕ್ಕೆ ನಾಲ್ಕು, ಅಂದರೆ 1.33. ಕೂದಲೆಳೆಯ ವ್ಯತ್ಯಾಸ. ಅಮ್ಮನ ಮುಂದೆ ಹೋಗಿ ಒಪ್ಪಿಸಿದರು. "ನಿಮ್ಮ ಕಾಲೇಜಲ್ಲಿ ಇದನ್ನ ಈಗ ಹೇಳ್ಕೊಟ್ರಾ?" ಎಂದು ಅತ್ತೆ ಮಜ್ಜಿಗೆ ಕಲೆಸಿಕೊಂಡರು.

ಸುದ್ದಿ ಹಬ್ಬಿ ಎದುರುಮನೆ ರಾಯರು ತಮ್ಮ ತಾತನ ಕಾಲದ 78ರ ಪ್ಲೇಟುಗಳನ್ನು ಪಂಚೆಯಲ್ಲಿ ಸುತ್ತಿ ತಂದರು. ಬರೀ ಪ್ಲೇಟು ತರಲಿಲ್ಲ, ಗೌಹರ್ ಜಾನ್ ಕಥೆಯನ್ನೂ ತಂದರು. 1902ರಲ್ಲಿ ಕಲ್ಕತ್ತದಲ್ಲಿ ಗ್ರಾಮಫೋನಿಗೆ ಹಾಡಿ, ಪ್ರತಿ ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದ ಆಕೆ, ಕೊನೆಗಾಲದಲ್ಲಿ ನಮ್ಮ ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಒಂದು ಮಗ್ಗುಲಿಗೆ ಮೂರು ನಿಮಿಷ ಹಿಡಿಯುತ್ತಿದ್ದ ಪ್ಲೇಟಿನಲ್ಲಿ ಖಯಾಲನ್ನು ಮುಗಿಸಿ ಹೆಸರು ಹೇಳುವುದಕ್ಕೂ ಜಾಗ ಉಳಿಸಿಕೊಂಡ ಆಕೆಯ ಲೆಕ್ಕಾಚಾರ ನನಗೆ ಈಗಲೂ ಸೋಜಿಗ. ನಮ್ಮ ರಾಯರಿಗೆ ಈ ಕಥೆ ಹೇಳಲು ಮುಕ್ಕಾಲು ಗಂಟೆ ಬೇಕಾಯಿತು.

ಕಥೆ ಹೇಳುತ್ತಾ ರಾಯರು ಪ್ಲೇಟು ಒರೆಸುತ್ತಿದ್ದರು. ಕೊರೊನಾ ಕಾಲದಲ್ಲಿ ಉಳಿದ ಸ್ಯಾನಿಟೈಸರ್ ಹಾಕಿಕೊಂಡು. ಆ ಪ್ಲೇಟುಗಳ ಮೈಯೆಲ್ಲ ಅರಗು. ಅರಗಿಗೆ ಬೆಂಕಿಯೊಂದೇ ಶತ್ರು ಎಂದು ನಾವು ಪಾಂಡವರ ಕಾಲದಿಂದ ತಿಳಿದಿದ್ದೆವು, ಸ್ಪಿರಿಟ್ಟು ಸೋಕಿದರೂ ಕರಗುತ್ತದೆಂದು ಅವತ್ತು ಗೊತ್ತಾಯಿತು. ಬಟ್ಟೆ ಕಪ್ಪಾಯಿತು, ಪ್ಲೇಟು ಮಂಕಾಯಿತು. "ಎಷ್ಟು ಕೊಳೆ ಬಿಡ್ತಿದೆ ನೋಡಿ!" ಎಂದು ರಾಯರು ಇನ್ನಷ್ಟು ಹುರುಪಿನಿಂದ ತಿಕ್ಕಿದರು.

ಇಷ್ಟೆಲ್ಲ ಆದರೂ ಸಂಜೆ ಐದಾದರೆ ಮನೆಯಲ್ಲಿ ಯಾರೂ ಅಲುಗುವುದಿಲ್ಲ. ಮೊಬೈಲಿನಲ್ಲಿ ಸಾವಿರಾರು ಹಾಡಿವೆ, ಒಂದನ್ನೂ ಪೂರ್ತಿ ಕೇಳಿದ ನೆನಪಿಲ್ಲ. ಪ್ಲೇಟಿಗಾದರೆ ಇಪ್ಪತ್ತು ನಿಮಿಷ ಕೂರಲೇಬೇಕು, ಮಗ್ಗುಲು ಮುಗಿದಾಗ ಒಬ್ಬರು ಏಳಲೇಬೇಕು. ಯಾರು ಏಳುವುದು ಎಂಬ ಚರ್ಚೆಯಲ್ಲಿ ಇನ್ನೊಂದು ಐದು ನಿಮಿಷ ಸುಖವಾಗಿ ಕಳೆಯುತ್ತದೆ. ಮುಳ್ಳು ಇಳಿದ ಕೂಡಲೇ ಬರುವ ಆ ಕರಕರ ಸದ್ದಿಗೆ ಅತ್ತೆ ಸೆರಗು ಸರಿಪಡಿಸಿಕೊಂಡು ಕೂರುತ್ತಾರೆ, ಎದುರಿಗೇ ವಿದ್ವಾಂಸರು ಬಂದು ಕೂತರೇನೋ ಅನ್ನುವಂತೆ. ಮೃದಂಗ ಯಾರು, ಪಿಟೀಲು ಯಾರು ಎಂದು ಕವರ್ ನೋಡಿ ಓದಿ ಹೇಳುವುದು ನನ್ನ ಪಾಲಿನ ಕೆಲಸ. ಪ್ರತಿ ಕವರಿನ ಮೂಲೆಯಲ್ಲೂ ಹಸಿರು ಶಾಯಿಯಲ್ಲಿ ಅಪ್ಪನ ಸಹಿ ಇದೆ. ಕೆಳಗೆ ದುಂಡಗೆ ಒಂದು ಸಾಲು: "ದಯವಿಟ್ಟು ಎರವಲು ಕೇಳಬೇಡಿ." ಆ ಪೈಕಿ ಎರಡರಲ್ಲಿ ಒಳಗಿನ ಪ್ಲೇಟೇ ಇಲ್ಲ. ಯಾರೋ ಕೇಳದೇ ಒಯ್ದಿದ್ದಾರೆ.

ಅತ್ತೆಯ ತಮ್ಮ ಬಂದಿದ್ದು ಇಂಥದೇ ಒಂದು ಸಂಜೆ. ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸಿನ ಗಣಪತಿ ಕಛೇರಿಗಳನ್ನು ಒಂದೂ ಬಿಡದ ರಸಿಕರು, ತೊಡೆಗೆ ತಾಳ ಹಾಕದೆ ಕಾಫಿಯನ್ನೂ ಕುಡಿಯುವವರಲ್ಲ. ನಾನು ಅಡುಗೆಮನೆಯಲ್ಲಿ ಬೋಂಡ ಕರಿಯುತ್ತಿದ್ದೆ. ಹೊರಗೆ ಮುಳ್ಳು ಪ್ಲೇಟಿನ ಗೀರಿಗೆ ಸಿಕ್ಕಿಬಿತ್ತು. ಒಂದೇ ಮಾತು, ಮತ್ತೆ ಅದೇ ಮಾತು. ಒಂದು ಸುತ್ತಿಗೆ 1.8 ಸೆಕೆಂಡು, ಕರಾರುವಾಕ್ಕಾಗಿ. ಹಾಡಿನ ಒಂದೇ ಸಾಲನ್ನು ಹಿಡಿದು ಮತ್ತೆ ಮತ್ತೆ ಬಗೆಬಗೆಯಾಗಿ ಹಾಡುವುದಕ್ಕೆ ಸಂಗೀತದವರು ನೆರವಲ್ ಅನ್ನುತ್ತಾರೆ. ಮಾವ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು.

"ಆಹಾ! ನೆರವಲ್ ಅಂದ್ರೆ ಇದು! ಕಾಲಪ್ರಮಾಣ ಒಂಚೂರಾದ್ರೂ ಅಲುಗ್ತಾ ನೋಡಿ! ಈಗಿನವರು ಯಾರು ಹಾಡ್ತಾರೆ ಹೀಗೆ?"

ಅತ್ತೆ ನನ್ನ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟರು. ಬೋಂಡ ಮುಗಿಯುವ ತನಕ ನೆರವಲ್ ನಡೆಯಿತು.

ಅವರು ಹೋದ ಮೇಲೆ ಇವರು ಮುಳ್ಳಿನ ತಲೆಯ ಮೇಲೆ ಒಂದು ರೂಪಾಯಿ ನಾಣ್ಯ ಅಂಟಿಸಿದರು, ಹಳೇ ಕಾಲದ ಮದ್ದು. ಭಾರಕ್ಕೆ ಪ್ಲೇಟು ಬೇಗ ಸವೆಯುತ್ತದೆ ಎಂದು ನಾನಂದೆ. "ನಾವೂ ಸವೆಯಲ್ವಾ" ಅಂದರು. ನಾಣ್ಯ ಅಲ್ಲೇ ಇದೆ.

ಮೊನ್ನೆ ತಿಲ್ಲಾನದ ನಡುವೆ ಕರೆಂಟು ಹೋಯಿತು. ದನಿ ಮಂದ್ರಕ್ಕಿಳಿದು, ಅಲ್ಲಿಂದಲೂ ಕೆಳಗೆ ಜಾರಿ ನಿಂತೇಬಿಟ್ಟಿತು. ಇವರು ಬಿಡುತ್ತಾರೆಯೇ? ತೋರುಬೆರಳಿನಲ್ಲಿ ಪ್ಲೇಟನ್ನೇ ತಿರುಗಿಸಿದರು. ಸ್ಪೀಕರ್ ಇಲ್ಲದಿದ್ದರೂ ಮುಳ್ಳಿನ ಹತ್ತಿರ ಕಿವಿ ತಂದರೆ ಸಣ್ಣಗೆ ಹಾಡು ಕೇಳುತ್ತದೆ. ಅತ್ತೆ ಬಗ್ಗಿ ಕಿವಿಗೊಟ್ಟು ಗದರಿಸತೊಡಗಿದರು. "ಓಡ್ಬೇಡ್ವೋ! ಲಯ ಹಿಡಿ. ಈಗ ಎಳೀತಿದೀಯ. ಹಾಂ, ಹಾಗೆ." ಇವರಿಗೆ ಹುಮ್ಮಸ್ಸು ಬಂದು ಮೂರನೇ ಕಾಲಕ್ಕೆ ಹೋಗುವಷ್ಟರಲ್ಲಿ ಕರೆಂಟು ಬಂತು. ತಟ್ಟೆ ಜಗ್ಗಿತು, ಕೈ ತಾಗಿತು, ನಾಣ್ಯ ಹೊತ್ತ ಮುಳ್ಳು ಪ್ಲೇಟಿನ ಮೇಲೆ ಪರ್ರನೆ ಜಾರಿತು.

ಆ ಹೊಸ ಗೀರಿನ ಹತ್ತಿರ ತಿಲ್ಲಾನ ಈಗ ಮುಂದಕ್ಕೆ ಹೋಗುವುದಿಲ್ಲ. ಸರಿಮಾಡುತ್ತೇನೆಂದು ಇವರು ಹೊರಟರೆ ಅತ್ತೆ ಬಿಡುತ್ತಿಲ್ಲ. ಅವರ ತಮ್ಮ ದೀಪಾವಳಿಗೆ ಬರುತ್ತಾರೆ.